ಎಂಬತ್ತು ನಿಮಿಷ ದೂರದ ಅಕ್ಕ

ಗುರುಗ್ರಹದತ್ತ ಹೊರಟ ನೌಕೆಯಲ್ಲಿ ಅಡುಗೆಯವಳಾಗಿ ಹೋದ ಅಕ್ಕ ಇಂದುಮತಿಯ ಜೊತೆ ವನಜಾಕ್ಷಿ ದಿನವೂ ಮೊಬೈಲಿನಲ್ಲಿ ಚೌಕಾಬಾರ ಆಡುತ್ತಿದ್ದಳು. ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ದೀಪ ಯಾವಾಗಲೂ ಕೆಂಪು. ಪಕ್ಕದಲ್ಲಿ ಎಂಬತ್ತು ನಿಮಿಷ ಎಂಬ ಅಂಕಿ. ಇವಳು ಕಾಯಿ ನಡೆಸಿ ಎದ್ದರೆ, ಅಕ್ಕನ ಉತ್ತರ ಬರುವಷ್ಟರಲ್ಲಿ ಸಾರು ಕುದಿದು ಬಟ್ಟೆ ಒಗೆದಾಗಿರುತ್ತಿತ್ತು.

ಇವತ್ತು ಬೆಳಿಗ್ಗೆ ದೀಪ ಹಸಿರಾಗಿತ್ತು. ಅಂಕಿ ಸೊನ್ನೆ.

"ಕೊನೆಗೂ ನೆಟ್‌ವರ್ಕ್ ಸರಿಮಾಡಿದ್ರು ನೋಡೇ. ಇನ್ನು ದಿನಾ ಸಾರು ತಳ ಹಿಡಿಯುತ್ತೆ ಬಿಡು" ಎಂದು ಗಂಡ ಶ್ರೀಕಂಠ ನಕ್ಕ.

ವನಜಾಕ್ಷಿಗೆ ನಗು ಬರಲಿಲ್ಲ. ನೌಕೆಯಿಂದ ಸಿಗ್ನಲ್ ನಿಂತುಹೋದರೆ, ಮನೆಯವರು ಗಾಬರಿಯಾಗದಿರಲೆಂದು ಇಲ್ಲೇ ಭೂಮಿಯಲ್ಲಿರುವ ನೌಕೆ ಕಂಪನಿಯ ಯಂತ್ರವೇ ಹೋದವರ ದನಿಯಲ್ಲಿ ಮಾತಾಡುತ್ತ ಆಟ ಮುಂದುವರಿಸುತ್ತದೆ. ಅಕ್ಕ ಸಹಿ ಹಾಕಿದ ಕಾಗದದಲ್ಲಿ ಅದನ್ನು ಓದಿದವಳು ಇವಳೊಬ್ಬಳೇ.

ಬೇಕೆಂದೇ ತನ್ನ ಕಾಯಿಯನ್ನು ಅಕ್ಕನ ಕಾಯಿಯ ಮುಂದೆ ತಂದಿಟ್ಟಳು. ಚಿಕ್ಕಂದಿನಿಂದಲೂ ಅಕ್ಕ "ಅಳಬಾರದು ಮತ್ತೆ" ಎಂದು ಎಚ್ಚರಿಸದೆ ಇವಳ ಕಾಯಿ ಹೊಡೆದವಳಲ್ಲ.

ಕಣ್ಣು ಮಿಟುಕಿಸುವುದರೊಳಗೆ ಕಾಯಿ ಹೋಯಿತು.

"ಹೊಡೆದೆ ಕಣೇ ವನಜಿ! ಬೇಗ ಆಡು" ಎಂದಿತು ಅಕ್ಕನದೇ ದನಿ.

"ತಡಿ."

"ಯಾಕೇ, ಸೋಲ್ತೀನಿ ಅಂತ ಭಯಾನಾ?"

ವನಜಾಕ್ಷಿ ಮೊಬೈಲಿನ ದನಿಯನ್ನು ಪೂರ್ತಿ ತಗ್ಗಿಸಿದಳು. ಅದನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಗಡಿಯಾರ ನೋಡಿಕೊಂಡು, ಮೊರದಲ್ಲಿ ಎಂಬತ್ತು ನಿಮಿಷಕ್ಕಾಗುವಷ್ಟು ಬೇಳೆ ಸುರಿದುಕೊಂಡಳು. ಕೆಂಪಾಗು, ಕೆಂಪಾಗು ಎಂದು ಹಸಿರು ದೀಪವನ್ನು ಬೇಡಿಕೊಳ್ಳುತ್ತ ಕಲ್ಲು ಆರಿಸತೊಡಗಿದಳು.