ನುಂಗಿದ ಮಾತು

ಮಸೀದಿಯಲ್ಲಿ ಅಜಾನ್ ಕೂಗುವ ದಸ್ತಗೀರ್ ಸಾಬರಿಗೆ ಆವತ್ತು ರೋಸಿಹೋಗಿತ್ತು. ಗಂಟಲು ಹರಿಯುವಂತೆ ಕೂಗಿದರೂ ನಸುಕಿನ ನಮಾಜಿಗೆ ಬರುವವರು ಅದೇ ನಾಲ್ಕು ಮಂದಿ ಮುದುಕರು. ಉಳಿದ ಮೊಹಲ್ಲಾ ಪೂರ್ತಿ ಮುಸುಕೆಳೆದು ಮಲಗಿರುತ್ತಿತ್ತು. ಒಬ್ಬರಾದರೂ ಕಿವಿಗೊಟ್ಟು ಕೇಳುತ್ತಾರೋ ಇಲ್ಲವೋ ನೋಡೇಬಿಡೋಣ ಎಂದು, ಬೆಳಗಿನ ಅಜಾನಿನಲ್ಲಿ ಮಾತ್ರ ಎರಡು ಸಲ ಹೇಳುವ ‘ನಿದ್ದೆಗಿಂತ ನಮಾಜು ಮೇಲು’ ಎಂಬ ಮಾತನ್ನು ಬೇಕೆಂದೇ ನುಂಗಿಕೊಂಡರು. ಯಾರಿಗೂ ಗೊತ್ತಾಗದಿದ್ದರೆ ಇವತ್ತೇ ಮಸೀದಿಯ ಬೀಗದಕೈ ಒಪ್ಪಿಸಿ ಊರಿಗೆ ಹೊರಟುಬಿಡುವುದು ಎಂದೂ ನಿರ್ಧರಿಸಿದರು.

ನಮಾಜು ಮುಗಿಯಿತು. ಮಸೀದಿ ಕಮಿಟಿಯ ಅಧ್ಯಕ್ಷರು ಆಕಳಿಸುತ್ತಲೇ ಬಂದು ಬೆನ್ನು ತಟ್ಟಿದರು.

“ಮಾಶಾ ಅಲ್ಲಾ! ಅಜಾನ್ ಅಂದ್ರೆ ನಿಮ್ದೇ ಸಾಬ್ರೇ. ಒಂದಕ್ಷರ ಆಚೀಚೆ ಇಲ್ಲ.”

ಸಾಬರು ಹಲ್ಲು ಕಚ್ಚಿ, ಬೀಗದಕೈ ತೆಗೆಯಲು ಜೇಬಿಗೆ ಕೈ ಹಾಕಿದರು. ಅಷ್ಟರಲ್ಲಿ ಯಾರೋ ಆಚೆಯಿಂದ ಗೇಟನ್ನು ದಡದಡ ಬಡಿದರು. ಎದುರು ಮನೆಯ ಚನ್ನಬಸಯ್ಯ! ಮೈಕಿನಿಂದ ನಿದ್ದೆ ಕೆಡುತ್ತದೆ ಎಂದು ಠಾಣೆಗೆ ದೂರು ಕೊಟ್ಟಿದ್ದವರು ಅವರೇ.

“ಇನ್ನೇನ್ ಸ್ವಾಮಿ? ನಿಮ್ಮ ಕಾಟಕ್ಕೇ ಸೌಂಡ್ ಕಮ್ಮಿ ಮಾಡಿದೀನಲ್ಲ!” ಸಾಬರು ಸಿಡುಕಿದರು.

“ಸೌಂಡಿನ ಮನೆ ಹಾಳಾಗ್ಲಿ! ಕೊನೇಲಿ ಎರಡು ಸಲ ರಾಗ ಎಳೀತಿದ್ರಲ್ಲ, ಅದೆಲ್ಲಿ ಹೋಯ್ತು? ಈಗ ಬರುತ್ತೆ, ಈಗ ಬರುತ್ತೆ ಅಂತ ಹಾಸಿಗೆ ಮೇಲೆ ಕಾದು ಕೂತಿದ್ದೆ. ನಿದ್ದೆ ಕೆಡಿಸೋದೇ ಆದ್ರೆ ಪೂರ್ತಿ ಕೆಡಿಸ್ರೀ ಸಾಬ್ರೇ!”