ಬಾವಿ ಪಕ್ಕದ ದಾರಿ

ಭಾನುವಾರದ ಬಸ್ಸಿಳಿದು ಗುಡ್ಡಕ್ಕೆ ನಡೆದು ಹೊರಟಿದ್ದ ನಗರದ ಗೆಳೆಯರಿಗೆ ಹೊಲದ ಯಜಮಾನರೇ ಬೇಲಿಯ ಗೇಟು ತೆರೆದು ಹಿಡಿದಿದ್ದರು.

“ಬರ್ರಿ, ಬರ್ರಿ. ಬಾವಿ ಪಕ್ಕದಾಗೆ ಹೋದ್ರೆ ಗುಡ್ಡ ಇಲ್ಲೇ ಐತೆ. ಮಜ್ಜಿಗೆ ಕುಡ್ಕೊಂಡು ಹೋಗ್ರಿ.”

ಒಬ್ಬೊಬ್ಬರಾಗಿ ಒಳಗೆ ಹೋದರು. ಕೊನೆಯವಳು ಇನ್ನೂ ಗೇಟಿನ ಹೊರಗಿದ್ದಳು. ಈ ದಾರಿ ಕೇರಿಯವರಿಗಲ್ಲ ಎಂದು ಅವಳ ಅಜ್ಜಿಯನ್ನು ಇಲ್ಲಿಂದಲೇ ಅಟ್ಟಿದ್ದರು. ಅಜ್ಜಿಯ ಪಾಲಿನ ನಾಲ್ಕು ಹೆಜ್ಜೆ ನಡೆದುಬಿಡಬೇಕೆಂದೇ ಅವಳು ಬಂದಿದ್ದಳು.

“ನಿಮ್ದು ಯಾವೂರು, ತಾಯಿ?”

ಸುಳ್ಳು ಹೇಳಬಹುದಿತ್ತು. ಅವಳಿಗೆ ಮನಸ್ಸಾಗಲಿಲ್ಲ.

“ಇದೇ ಊರು. ಕೇರಿಯ ದುರುಗಮ್ಮನ ಮೊಮ್ಮಗಳು.”

“ಹೌದೇನು! ನಮ್ಮ ದುರುಗಿ ಮೊಮ್ಮಗಳಾ?” ಯಜಮಾನರ ಮುಖದ ನಗು ಹಾಗೆಯೇ ಇತ್ತು. “ಹಂಗಾದ್ರೆ ಕೆರೆ ಸುತ್ತಿಕೊಂಡು ಹೋಗೋದು ನಿಂಗೆ ಗೊತ್ತೇ ಐತಲ್ಲ,” ಎನ್ನುತ್ತ ಅವರು ಗೇಟು ಎಳೆದುಕೊಂಡರು.