ಯಾವ ನಾಲ್ಕು?

ನಿಖಿತಾ ಊಟಕ್ಕೆ ಎದ್ದು ಹೋದದ್ದೇ ತಡ, ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಅವಳು ಬರೆದಿದ್ದ ವಿವರಣೆಯ ಕಾಮೆಂಟುಗಳನ್ನೆಲ್ಲ ಚಂದ್ರಕುಮಾರ ಒಂದೂ ಬಿಡದೆ ಅಳಿಸಿಹಾಕಿದ. ಕಡೂರಿನ ತೆಂಗು ಬೆಳೆಗಾರರ ಸಂಘಕ್ಕೆ ಲೆಕ್ಕದ ಪ್ರೋಗ್ರಾಮು ಬರೆದುಕೊಟ್ಟವನೇ ಅವನು. ಯಾವ ಸಾಲು ಯಾತಕ್ಕೆಂದು ಬೇಕೆಂದೇ ಎಲ್ಲೂ ವಿವರಿಸಿರಲಿಲ್ಲ. ಏನು ಕೆಟ್ಟರೂ ತರೀಕೆರೆಯಿಂದ ಅವನೇ ಬರಬೇಕು. ಬಂದರೆ ಕುರ್ಚಿ, ಕಾಫಿ, "ನೀವಿಲ್ದಿದ್ರೆ ನಮ್ ಗತಿ ಏನ್ರೀ" ಎಂಬ ಮಾತು. ಆ ಮಾತು ಕೇಳುವುದಕ್ಕೇ ಅವನು ಓಡಿ ಬರುತ್ತಿದ್ದ.

ಹೊಸದಾಗಿ ಸೇರಿದ ಈ ನಿಖಿತಾ ಬೆಳೆಗಾರರನ್ನೆಲ್ಲ ಕೇಳಿ ಕೇಳಿ, ಪ್ರತಿ ಸಾಲಿನ ಪಕ್ಕ ಅದರ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟಳು. ಅಲ್ಲಿಂದಾಚೆ ಅವನಿಗೆ ಫೋನೇ ಇಲ್ಲ. ಇವತ್ತು ತಾನಾಗಿಯೇ ಬಂದರೆ, ಅಧ್ಯಕ್ಷ ಜಯದೇವಪ್ಪನವರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಹೊಟ್ಟೆಕಿಚ್ಚಿಗೆ ಅವನ ಕೈ ಸುಮ್ಮನಿರಲಿಲ್ಲ.

ಸೋಮವಾರ ಜಯದೇವಪ್ಪನವರ ಫೋನ್ ಬಂತು.

"ಇನ್ಮೇಲೆ ಕೊಸರು ತಗಳಾದು ಬ್ಯಾಡ ಅಂತ ತೀರ್ಮಾನ ಆಗೈತೆ. ನಿಖಿತಾ ಪ್ರೋಗ್ರಾಮು ಮುಟ್ಟಲ್ಲ ಅಂತಾಳೆ ಕಣ್ರೀ. ಬರ್ದೋರನ್ನೇ ಕರೀರಿ ಅಂತಾಳೆ."

ಚಂದ್ರಕುಮಾರ ಹಿಗ್ಗಿ ಹೀರೇಕಾಯಿಯಾದ.

ಕೊಸರೆಂದರೆ ನೂರು ಕಾಯಿಗೆ ನಾಲ್ಕು ಕಾಯಿ ಪುಕ್ಕಟೆ ಬಿಡುವ ಹಳೇ ಪದ್ಧತಿ. ಅವನು ಕಡೂರು ಮುಟ್ಟುವಷ್ಟರಲ್ಲಿ ಅಜ್ಜಂಪುರದ ಕಡೆಯ ಬೆಳೆಗಾರರು ಆಗಲೇ ಕಾಯಿ ಸುರಿದುಕೊಂಡು ಕಾಯುತ್ತಿದ್ದರು. ಗತ್ತಿನಿಂದ ಕೂತು ನೋಡಿದರೆ ಪರದೆಯ ಮೇಲೆ ಎರಡು ಕಡೆ ನಾಲ್ಕು. ಒಂದು ಕೊಸರಿನದು, ಇನ್ನೊಂದು ಕೊಬ್ಬರಿಯ ತೇವಕ್ಕೆಂದು ಕ್ವಿಂಟಾಲಿಗೆ ಕಳೆಯುವ ನಾಲ್ಕು ಕೆಜಿಯದು. ಯಾವುದು ಯಾವುದೋ ಬರೆದವನಿಗೇ ಮರೆತುಹೋಗಿತ್ತು. ತಪ್ಪು ನಾಲ್ಕನ್ನು ಮುಟ್ಟಿದರೆ ಇಷ್ಟು ಜನರೆದುರು ಮಾನ ಹರಾಜು.

ಕಾಫಿ ಆರಿತು. ಜಯದೇವಪ್ಪನವರು ಬಾಗಿಲಾಚೆ ಯಾರನ್ನೋ ಮಾತಾಡಿಸುವಾಗ ಚಂದ್ರಕುಮಾರ ಪಕ್ಕದಲ್ಲಿದ್ದ ನಿಖಿತಾಳಿಗೆ ಪಿಸುಗುಟ್ಟಿದ, "ಯಾವ ನಾಲ್ಕಮ್ಮಾ?"

"ಕೆಳಗಿಂದು ಸಾರ್," ನಿಖಿತಾಳೂ ಪಿಸುಗುಟ್ಟಿದಳು.

ಬದಲಾಯಿಸಿದ. ನೂರು ಕಾಯಿಗೆ ನೂರರ ಲೆಕ್ಕವೇ ಬಂತು. ಬೆಳೆಗಾರರ ಮುಖ ಅರಳಿತು. ಜಯದೇವಪ್ಪನವರು ಬಂದು ಅವನ ಬೆನ್ನು ತಟ್ಟಿದರು.

"ಎಷ್ಟಾದ್ರೂ ಬರ್ದೋರು ಬರ್ದೋರೇ! ಇವರನ್ನ ನೋಡಿ ಕಲ್ತ್ಕಳಮ್ಮ ನಿಖಿತಾ."

ಅಷ್ಟು ದಿನ ಹಂಬಲಿಸಿದ್ದ ಮಾತು. ಅದೂ ಇವಳ ದಯೆಯಿಂದ ಸಿಗಬೇಕೇ ಎಂದು ಚಂದ್ರಕುಮಾರನಿಗೆ ಮೈಯೆಲ್ಲ ಉರಿಯಿತು.

"ಕಲ್ತೆ ಸಾರ್," ಎಂದಳು ನಿಖಿತಾ. "ಇನ್ಮೇಲೆ ನಾನೂ ಏನೂ ಬರ್ದಿಡಲ್ಲ."